ಕಡಿಮೆ ಖರ್ಚಿನಲ್ಲಿ ಡ್ರೈಸೂಟ್ ಒಳಗೆ ಬೆಚ್ಚಗಿರುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ತಣ್ಣೀರಿನ ಡೈವಿಂಗ್‌ಗೆ ಇಳಿಯುವ ಹೆಚ್ಚಿನವರ ಕತೆ ಒಂದೇ. ಇದ್ದಬದ್ದ ದುಡ್ಡೆಲ್ಲ ಡ್ರೈಸೂಟ್‌ಗೆ, ಅಂದರೆ ಒಳಗೆ ನೀರು ಬಿಡದ ಡೈವಿಂಗ್ ಉಡುಪಿಗೆ, ಹೋಗುತ್ತದೆ. ಒಳಗೆ ಹಾಕುವ ಬಟ್ಟೆಗೆ ಏನೂ ಉಳಿಯುವುದಿಲ್ಲ. ನನಗೂ ಹಾಗೇ ಆಯಿತು. ಮೊದಲ ಎರಡು ಚಳಿಗಾಲ ನಾನು ಬೆಟ್ಟ ಹತ್ತಲು ಇಟ್ಟುಕೊಂಡಿದ್ದ ಬಟ್ಟೆಯಲ್ಲೇ ಡೈವ್ ಮಾಡಿದೆ. ಕೆಲವು ಡೈವ್‌ಗಳಲ್ಲಿ ಆರಾಮಾಗಿ ಬೆಚ್ಚಗಿದ್ದೆ. ಕೆಲವದರಲ್ಲಿ ಹಲ್ಲು ಕಟಕಟ ಅನ್ನುತ್ತಿತ್ತು. ಬಟ್ಟೆ ಅದೇ, ನೀರೂ ಅದೇ. ಹಾಗಾದರೆ ವ್ಯತ್ಯಾಸ ಎಲ್ಲಿ ಅಂತ ಹುಡುಕುತ್ತಾ ಹೋದಾಗ ಗೊತ್ತಾದದ್ದನ್ನು ಇಲ್ಲಿ ಬರೆದಿದ್ದೇನೆ. ಡ್ರೈಸೂಟ್ ತರಬೇತಿ ಇನ್ನೂ ಆಗಿಲ್ಲ ಅಂದರೆ ಮಾತ್ರ, ಬಟ್ಟೆಗಿಂತ ಮೊದಲು ಅದಕ್ಕೆ ದುಡ್ಡು ಎತ್ತಿಡಿ.

ಒಳಗೆ ನೀರೇ ಬರಲ್ಲ ಅಂದಮೇಲೆ ಚಳಿ ಯಾಕೆ ಆಗಬೇಕು?

ನೀರು ಒಳಗೆ ಬರದಿದ್ದರೂ ಮೈಯ ಬಿಸಿ ಹೊರಗೆ ಹೋಗುತ್ತಲೇ ಇರುತ್ತದೆ. ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಶಾಖ ಎಳೆದುಕೊಳ್ಳುತ್ತದೆ. ಟ್ರೈಲ್ಯಾಮಿನೇಟ್ (ಮೂರು ತೆಳು ಪದರ ಅಂಟಿಸಿದ ಬಟ್ಟೆಯ) ಸೂಟು ಅಂದರೆ ಒಂದು ಗಟ್ಟಿಯಾದ ರೇನ್‌ಕೋಟ್, ಅಷ್ಟೇ. ರೇನ್‌ಕೋಟ್ ಹಾಕಿಕೊಂಡು ಐಸ್ ಗಡ್ಡೆಗೆ ಒರಗಿ ಕೂತರೆ ಬೆನ್ನು ಕೊರೆಯುತ್ತದೆ, ಅಲ್ವಾ? ನೀರಿನೊಳಗೆ ಆಗುವುದೂ ಅದೇ. ನಿಯೋಪ್ರೀನ್ (ಗಾಳಿ ಗುಳ್ಳೆಗಳಿರುವ ರಬ್ಬರ್) ಡ್ರೈಸೂಟ್ ತಾನೇ ಸ್ವಲ್ಪ ಬೆಚ್ಚಗಿಡುತ್ತದೆ. ಆದರೆ ಅದರೊಳಗಿನ ಗುಳ್ಳೆಗಳು ಆಳಕ್ಕೆ ಹೋದಂತೆಲ್ಲ ಹಿಂಡಿಹೋಗುತ್ತವೆ. ಎಲ್ಲಿ ಚಳಿ ಜಾಸ್ತಿಯೋ ಅಲ್ಲೇ ಅದರ ಬಲ ಕಡಿಮೆ.

ನಿಮ್ಮನ್ನು ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆ ಹಿಡಿದಿಟ್ಟ ಗಾಳಿ. ಆ ಗಾಳಿ ಒಣಗಿರಬೇಕು, ಅಲುಗಾಡದೆ ಇರಬೇಕು, ಮೈಯ ಸುತ್ತ ಎಲ್ಲ ಕಡೆ ಇರಬೇಕು. ದುಬಾರಿ ಅಂಡರ್‌ಸೂಟ್ (ಡ್ರೈಸೂಟ್ ಒಳಗೆ ಹಾಕುವ ಬೆಚ್ಚನೆಯ ಉಡುಪು) ಮಾಡುವುದೂ ಇಷ್ಟನ್ನೇ. ಇದು ಮನಸ್ಸಿಗೆ ಬಂದರೆ ಕಡಿಮೆ ದುಡ್ಡಿನಲ್ಲಿ ದಾರಿ ತಾನಾಗಿಯೇ ಕಾಣುತ್ತದೆ.

ದುಡ್ಡು ಸ್ವಲ್ಪವೇ ಇದೆ. ಮೊದಲು ಯಾವುದಕ್ಕೆ ಹಾಕಲಿ?

ಮೊದಲು ಸೂಟಿನ ಸೋರಿಕೆ ನಿಲ್ಲಿಸಲು. ಆಮೇಲೆ ಮೈಗೆ ಅಂಟಿ ಕೂರುವ ಒಂದು ಜೊತೆ ಒಳ್ಳೆಯ ಥರ್ಮಲ್ ಒಳಬಟ್ಟೆಗೆ. ಆಮೇಲೆ ಒಂದು ತೋಳಿಲ್ಲದ ಫ್ಲೀಸ್ ಜಾಕೆಟ್, ಒಂದು ಸರಿಯಾದ ಹುಡ್ (ತಲೆ, ಕಿವಿ ಮುಚ್ಚುವ ಡೈವಿಂಗ್ ಟೋಪಿ), ಒಂದು ಜೊತೆ ಗ್ಲೌಸ್. ಡೈವಿಂಗ್‌ಗೆ ಅಂತಲೇ ಮಾಡಿದ ಪೂರ್ತಿ ಅಂಡರ್‌ಸೂಟ್ ಇದೆಲ್ಲ ಆದಮೇಲೆ.

ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ. ಕುತ್ತಿಗೆಯ ಸೀಲ್ (ನೀರು ತಡೆಯುವ ಬಿಗಿಯಾದ ಅಂಚು) ಹಳೆಯದಾಗಿ ಸೋರುತ್ತಿರುತ್ತದೆ, ಆದರೂ ಸಾಲ ಮಾಡಿ ಅಂಡರ್‌ಸೂಟ್ ತರುತ್ತಾರೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗುತ್ತದೆ. ಎಷ್ಟೇ ಬೆಲೆಯ ಬಟ್ಟೆಯಾದರೂ ಒದ್ದೆಯಾದಮೇಲೆ ಅರ್ಧ ಬೆಲೆಯದು.

ತೋಳಿಲ್ಲದ ಜಾಕೆಟ್ ಯಾಕೆ ಅಷ್ಟು ಮುಂದೆ ಬಂತು ಅಂದರೆ, ಎದೆ ಹೊಟ್ಟೆ ತಣ್ಣಗಾದರೆ ದೇಹ ಕೈಕಾಲಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಒಳಗಿನ ಅಂಗಗಳನ್ನು ಉಳಿಸಿಕೊಳ್ಳುವುದು ಅದಕ್ಕೆ ಮುಖ್ಯ. ಹಾಗಾಗಿ ಎಷ್ಟೋ ಸಲ ಕೈ ಮರಗಟ್ಟುವುದಕ್ಕೆ ಪರಿಹಾರ ಗ್ಲೌಸ್‌ನಲ್ಲಿ ಇರುವುದಿಲ್ಲ, ಎದೆಯ ಮೇಲೆ ಇರುತ್ತದೆ. ತೋಳು ಇಲ್ಲದ್ದರಿಂದ ಕೈ ಎತ್ತಿ ವಾಲ್ವ್ ಮುಟ್ಟಲೂ ಕಷ್ಟ ಆಗುವುದಿಲ್ಲ.

ಡೈವ್ ಮುಗಿದಾಗ ಒಳಗೆಲ್ಲ ತೇವ ಇರುತ್ತದೆ. ಸೂಟು ಸೋರುತ್ತಿದೆಯಾ, ಅಥವಾ ಬೆವರಾ?

ಇದನ್ನು ಸರಿಯಾಗಿ ಪತ್ತೆ ಮಾಡುವುದು ಯಾವ ಬಟ್ಟೆ ಕೊಳ್ಳುವುದಕ್ಕಿಂತಲೂ ಮುಖ್ಯ.

ಸ್ವಲ್ಪ ತೇವ ಸಹಜ. ನಿಮ್ಮ ಮೈಯಿಂದ ಸದಾ ಆವಿ ಹೊರಡುತ್ತಿರುತ್ತದೆ. ಅದು ಬಟ್ಟೆ ದಾಟಿ ಸೂಟಿನ ತಣ್ಣನೆಯ ಒಳಮೈಗೆ ತಾಗಿ ನೀರಾಗುತ್ತದೆ, ಥಂಡಿ ದಿನ ಕಿಟಕಿ ಗಾಜಿನ ಮೇಲೆ ಕೂರುವ ಹಾಗೆ. ಹಾಗಾಗಿ ಸೂಟಿನ ಒಳಮೈ ಮತ್ತು ಬಟ್ಟೆಯ ಹೊರಮೈ ಸಮವಾಗಿ ತೇವ ಇದ್ದು, ಚರ್ಮದ ಹತ್ತಿರದ ಪದರ ಒಣಗಿದ್ದರೆ ಸೋರಿಕೆ ಇಲ್ಲ. ಬಟ್ಟೆ ತನ್ನ ಕೆಲಸ ಮಾಡಿದೆ.

ಒಂದೇ ಜಾಗ ಒದ್ದೆಯಾಗಿದ್ದರೆ ಅದು ಸೋರಿಕೆ. ಬಟ್ಟೆ ಬಿಚ್ಚುವ ಮೊದಲು ಕೈಯಿಂದ ತಡವಿ ನೋಡಿ. ಒಂದು ತೋಳು ಮಾತ್ರ ಮೊಣಕೈವರೆಗೆ ಒದ್ದೆ ಅಂದರೆ ಮಣಿಕಟ್ಟಿನ ಸೀಲ್. ಎದೆಯ ಮೇಲ್ಭಾಗ ಅಂದರೆ ಕುತ್ತಿಗೆ ಅಥವಾ ಎದೆಯ ಮೇಲಿರುವ, ಸೂಟಿಗೆ ಗಾಳಿ ತುಂಬುವ ವಾಲ್ವ್. ಜಿಪ್ ಹಾದುಹೋದ ಕಡೆ ಪಟ್ಟಿ ಎಳೆದಂತೆ ಒದ್ದೆ ಇದ್ದರೆ ಜಿಪ್. ತೊಡೆಸಂದು ಒದ್ದೆ ಇದ್ದರೆ ಹೊಲಿಗೆಯ ಪಟ್ಟಿ ಎದ್ದಿರಬಹುದು. ನೀರು ಕೆಳಕ್ಕೆ ಇಳಿಯುತ್ತದೆ, ಆದ್ದರಿಂದ ಕಾಲಿನ ಬೂಟಿನಲ್ಲಿ ನಿಂತ ನೀರು ಬೂಟಿನ ತಪ್ಪೇ ಆಗಿರಬೇಕಿಲ್ಲ.

ನನ್ನ ಎಡತೋಳು ಒಂದು ವರ್ಷ ಒದ್ದೆಯಾಗುತ್ತಿತ್ತು. ಸೀಲ್ ಹೊಸದು, ಎಲ್ಲೂ ತೂತಿಲ್ಲ. ಕೊನೆಗೆ ಒಂದು ದಿನ ನೀರಿನೊಳಗೆ ನನ್ನ ಕೈಯನ್ನೇ ಗಮನಿಸುತ್ತಾ ಕೂತೆ. ಬಿಸಿಡಿಯ (ತೇಲುವುದನ್ನು ಹೊಂದಿಸುವ ಗಾಳಿ ಜಾಕೆಟ್) ಇನ್‌ಫ್ಲೇಟರ್ (ಗಾಳಿ ತುಂಬುವ ಸಾಧನ) ಹಿಡಿದು ಬಟನ್ ಒತ್ತಿದಾಗಲೆಲ್ಲ ಮಣಿಕಟ್ಟಿನ ಒಳಭಾಗದಲ್ಲಿ ಎರಡು ಸ್ನಾಯುಹುರಿ (ಟೆಂಡನ್) ಎದ್ದು ನಿಲ್ಲುತ್ತಿದ್ದವು. ಅವುಗಳ ನಡುವೆ ಸಣ್ಣ ಕಾಲುವೆ. ಸೀಲ್ ಆ ಕಾಲುವೆಯ ಮೇಲೆ ಸೇತುವೆಯಂತೆ ನಿಂತಿತ್ತು, ಕೆಳಗೆ ನೀರು ಹರಿಯುತ್ತಿತ್ತು. ಸೀಲನ್ನು ಎರಡು ಬೆರಳಿನಷ್ಟು ಮೇಲಕ್ಕೆ, ಸ್ನಾಯುಹುರಿ ಅಷ್ಟಾಗಿ ಏಳದ ಕಡೆಗೆ ಸರಿಸಿದೆ. ಹಿಡಿತವನ್ನೂ ಸಡಿಲ ಮಾಡಿಕೊಂಡೆ. ತೋಳು ಒಣಗಿತು. ಒಂದು ಪೈಸೆ ಖರ್ಚಿಲ್ಲ.

ಹೀಗೆ ಕಣ್ಣಿಗೆ ಕಾಣದಿದ್ದರೆ ಸೋಪಿನ ನೀರಿನ ಪರೀಕ್ಷೆ ಮಾಡಿ. ಕೈ ಸೀಲ್‌ಗಳಿಗೆ ಒಂದೊಂದು ಪ್ಲಾಸ್ಟಿಕ್ ಬಾಟಲಿ ತುರುಕಿ. ಕುತ್ತಿಗೆಗೆ ಒಂದು ಚೆಂಡು ಇಡಿ. ಜಿಪ್ ಪೂರ್ತಿ ಎಳೆದು, ಗಾಳಿ ಬಿಡುವ ವಾಲ್ವನ್ನು ಬಿಗಿಯಾಗಿ ಮುಚ್ಚಿ, ಸೂಟಿನ ಇನ್‌ಫ್ಲೇಟರ್‌ನಿಂದ ನಿಧಾನವಾಗಿ ಗಾಳಿ ತುಂಬಿ. ಸೂಟು ದುಂಡಗಾದರೆ ಸಾಕು, ಕಲ್ಲಿನಂತೆ ಬಿಗಿಯಾಗುವುದು ಬೇಡ. ಈಗ ಸ್ಪಂಜಿನಿಂದ ಸೋಪಿನ ನೀರು ಸವರುತ್ತಾ ಹೋಗಿ. ತೂತಿದ್ದ ಕಡೆ ಸಣ್ಣ ಗುಳ್ಳೆಗಳ ಗೊಂಚಲು ಏಳುತ್ತದೆ. ಪೆನ್ನಿನಿಂದ ಗುರುತು ಹಾಕಿ. ಸೂಟು ತೊಳೆದು ಪೂರ್ತಿ ಒಣಗಿದಮೇಲೆ ಪಾಲಿಯುರಿಥೇನ್ ಅಂಟನ್ನು ತೆಳುವಾಗಿ ಹಚ್ಚಿ, ಅದು ಗಟ್ಟಿಯಾಗುವ ತನಕ ಮುಟ್ಟಬೇಡಿ. ಸೂಜಿಮೊನೆಯಷ್ಟು ತೂತಿಗೆ ಇಷ್ಟೇ ಸಾಕು. ಜಿಪ್ ಹೋಗಿದ್ದರೆ ಮಾತ್ರ ಗೊತ್ತಿರುವವರ ಕೈಗೆ ಕೊಡಿ.

ಮನೆಯಲ್ಲಿರುವ ಹತ್ತಿ ಬಟ್ಟೆ ಒಳಗೆ ಹಾಕಬಹುದಾ?

ಬೇಡ. ಹತ್ತಿ ಬೆವರನ್ನು ಹೀರಿಕೊಂಡು ಚರ್ಮಕ್ಕೆ ಅಂಟಿಸಿಕೊಳ್ಳುತ್ತದೆ. ಗಾಳಿ ಇರಬೇಕಾದ ಜಾಗದಲ್ಲಿ ನೀರು ನಿಲ್ಲುತ್ತದೆ. ಹತ್ತಿ ಬನಿಯನ್, ಹತ್ತಿ ಸಾಕ್ಸ್, ಜೀನ್ಸ್ ಯಾವುದೂ ಬೇಡ. ಒಳಚಡ್ಡಿ ಕೂಡ ಪಾಲಿಯೆಸ್ಟರ್ ಇರಲಿ. ಸಣ್ಣ ವಿಷಯ ಅನ್ನಿಸುತ್ತದೆ, ಆದರೆ ಎರಡನೇ ಡೈವ್‌ನಲ್ಲಿ ಗೊತ್ತಾಗುತ್ತದೆ.

ಹಾಗಾದರೆ ಕಡಿಮೆ ಬೆಲೆಗೆ ಸಿಗುವ ಯಾವ ಬಟ್ಟೆ ಕೆಲಸಕ್ಕೆ ಬರುತ್ತದೆ?

ಬೇಕಾದಷ್ಟಿದೆ. ಡೈವಿಂಗ್ ಅನ್ನುವ ಹಣೆಪಟ್ಟಿ ಇಲ್ಲದ ಬಟ್ಟೆಗೆ ಬೆಲೆ ಕಡಿಮೆ, ಗುಣ ಹೆಚ್ಚುಕಮ್ಮಿ ಅದೇ.

ಚರ್ಮಕ್ಕೆ ತಾಗುವ ಪದರಕ್ಕೆ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಥರ್ಮಲ್ ಒಳ್ಳೆಯದು. ಓಟಗಾರರು, ಸ್ಕೀ ಆಡುವವರು, ಬೈಕ್ ಸವಾರರು ಹಾಕುವುದೇ ಸಾಕು. ಈ ನೂಲು ನೀರನ್ನು ತನ್ನೊಳಗೆ ಹೀರುವುದೇ ಇಲ್ಲ ಅನ್ನಬಹುದು, ಹೊರಕ್ಕೆ ದಾಟಿಸುತ್ತದೆ. ಉಣ್ಣೆಯ ರೀತಿ ಬೇರೆ. ಅದು ತನ್ನ ತೂಕದ ಸುಮಾರು 30 ಶೇಕಡಾದಷ್ಟು ತೇವವನ್ನು ನೂಲಿನೊಳಗೇ ಇಟ್ಟುಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಮೆರಿನೊ (ನಯವಾದ ಉಣ್ಣೆ) ದುಬಾರಿ. ಹಳೆಯ ತೆಳು ಉಣ್ಣೆ ಸ್ವೆಟರ್ ಚುಚ್ಚುತ್ತದೆ, ಆದರೆ ತೆಳು ಥರ್ಮಲ್ ಮೇಲೆ ಹಾಕಿಕೊಂಡರೆ ಚುಚ್ಚುವ ಪ್ರಶ್ನೆಯೇ ಇಲ್ಲ. ಸೆಕೆಂಡ್ ಹ್ಯಾಂಡ್ ಬಟ್ಟೆಗಳಲ್ಲಿ ನಾನು ಮೊದಲು ಹುಡುಕುವುದೇ ಇದನ್ನು.

ಮಧ್ಯದ ಪದರಕ್ಕೆ ಫ್ಲೀಸ್. ಇದನ್ನು ಸಾಮಾನ್ಯವಾಗಿ 100, 200, 300 ಅಂತ ಗುರುತಿಸುತ್ತಾರೆ. ಒಂದು ಚದರ ಮೀಟರ್ ಬಟ್ಟೆ ಸುಮಾರು ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. 200ರ ಪ್ಯಾಂಟು, 200ರ ಜಾಕೆಟ್, ಅದರ ಮೇಲೊಂದು ತೋಳಿಲ್ಲದ್ದು ಇದ್ದರೆ ಸಾಮಾನ್ಯ ತಣ್ಣೀರಿಗೆ ಒಳ್ಳೆಯ ಶುರು. ಕೋಲ್ಡ್ ಸ್ಟೋರೇಜ್‌ನಲ್ಲಿ ಕೆಲಸ ಮಾಡುವವರ ಮೇಲಿಂದ ಕೆಳಗಿನವರೆಗಿನ ಒಂದೇ ಸೂಟು, ಸೈನ್ಯದ ಹಳೆಯ ಉಣ್ಣೆ ಒಳಬಟ್ಟೆ ಕೂಡ ಚೆನ್ನಾಗಿ ಬಾಳಿಕೆ ಬರುತ್ತವೆ.

ಬಲೆಯಂತೆ ಹೆಣೆದ ಬನಿಯನ್ ಎಲ್ಲಾದರೂ ಕಂಡರೆ ಬಿಡಬೇಡಿ. ನಾರ್ವೆಯ ಸೈನ್ಯಾಧಿಕಾರಿ ಹೆನ್ರಿಕ್ ಬ್ರೂನ್ 1933ರಲ್ಲಿ ಹಳೆಯ ಮೀನಿನ ಬಲೆಯಿಂದ ಇಂಥ ಬನಿಯನ್ ಮಾಡಿದ್ದು. ನೋಡಿದರೆ ತೂತುಗಳ ರಾಶಿ, ಇದೇನು ಬೆಚ್ಚಗಿಟ್ಟೀತು ಅನ್ನಿಸುತ್ತದೆ. ಆದರೆ ಮೇಲೊಂದು ಪದರ ಬಂದ ಕೂಡಲೇ ಪ್ರತಿ ತೂತೂ ಒಂದು ಪುಟ್ಟ ಗಾಳಿ ಡಬ್ಬಿ. ನೀರಿನ ಒತ್ತಡಕ್ಕೆ ಬಟ್ಟೆ ಮೈಗೆ ಅಪ್ಪಿಕೊಂಡರೂ ಹೆಣಿಗೆಯ ದಪ್ಪ ದಾರ ಆ ಜಾಗವನ್ನು ಬಿಟ್ಟುಕೊಡುವುದಿಲ್ಲ.

ಕೊಳ್ಳುವಾಗ ಬಟ್ಟೆಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ, ಬಿಟ್ಟು ನೋಡಿ. ತಟ್ಟನೆ ಎದ್ದು ಬರುವುದು ಒಳ್ಳೆಯದು. ಚಪ್ಪಟೆಯಾಗಿ ಉಳಿಯುವುದು ನೀರಿನೊಳಗೂ ಹಾಗೇ ಉಳಿಯುತ್ತದೆ. ದಪ್ಪ ಜಿಪ್, ಲೋಹದ ಗುಂಡಿ, ಟೋಪಿ, ತುಂಬಿದ ಜೇಬು ಇರುವುದು ಬೇಡ. ಒತ್ತಡದಲ್ಲಿ ಅವು ಮೈಗೆ ಒತ್ತಿ ಬರೆ ಏಳುತ್ತದೆ. ಇದ್ದರೆ ಬಿಚ್ಚಿ ತೆಗೆಯಿರಿ.

ತೋಳು, ಪ್ಯಾಂಟು ಸೂಟು ಹಾಕುವಾಗ ಮೇಲೆ ಸರಿದುಬಿಡುತ್ತದೆ. ಏನು ಮಾಡಲಿ?

ಒಂದಿಷ್ಟು ಅಗಲ ಎಲಾಸ್ಟಿಕ್, ಸೂಜಿ, ದಾರ ಸಾಕು. ತೋಳಿನ ತುದಿಗೆ ಹೆಬ್ಬೆರಳು ಹೋಗುವಷ್ಟು ಒಂದು ಉಂಗುರ ಹೊಲಿಯಿರಿ. ಪ್ಯಾಂಟಿನ ತುದಿಗೆ ಅಂಗಾಲಿನ ಕೆಳಗೆ ಹಾಯುವಂತೆ ಒಂದು ಪಟ್ಟಿ. ದುಬಾರಿ ಅಂಡರ್‌ಸೂಟ್‌ನಲ್ಲೂ ಇರುವುದು ಇದೇ. ಸೂಟು ಹಾಕಿದಮೇಲೆ ಹೆಬ್ಬೆರಳಿನ ಉಂಗುರ ತೆಗೆದು ಒಳಕ್ಕೆ ಸೇರಿಸಿ. ಅದು ಸೀಲ್‌ನ ಕೆಳಗೆ ಸಿಕ್ಕಿಹಾಕಿಕೊಂಡರೆ ಅಲ್ಲಿಂದಲೇ ನೀರು ಬರುತ್ತದೆ. ಅಂಗಿ ಪ್ಯಾಂಟಿನ ನಡುವೆ ಸೊಂಟ ಬಯಲಾಗುವುದೂ ದೊಡ್ಡ ತೊಂದರೆ. ಉದ್ದ ಅಂಗಿ ತೆಗೆದುಕೊಳ್ಳಿ, ಇಲ್ಲವೇ ಪ್ಯಾಂಟಿಗೆ ಹೆಗಲ ಪಟ್ಟಿ ಹಾಕಿಸಿ.

ಎಷ್ಟು ಪದರ ಹಾಕಬೇಕು?

ನೀರಿನ ತಳದಲ್ಲಿ ಎಷ್ಟು ತಣ್ಣಗಿದೆ ಅಂತ ಮೊದಲು ಕೇಳಿ. ಮೇಲಿನ ಬಿಸಿಲು ನೋಡಿ ಲೆಕ್ಕ ಹಾಕಬೇಡಿ. ಸಿಹಿನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಭಾರವಾಗಿ ತಳ ಸೇರುತ್ತದೆ. ಚಳಿ ಪ್ರದೇಶದ ಆಳವಾದ ಕೆರೆಗಳಲ್ಲಿ ನಡುಬೇಸಿಗೆಯಲ್ಲೂ ತಳದಲ್ಲಿ ಹತ್ತಿರಹತ್ತಿರ 4 ಡಿಗ್ರಿಯೇ ಇರುತ್ತದೆ.

ಸಾಮಾನ್ಯವಾಗಿ ಒಂದು ಥರ್ಮಲ್, ಒಂದು ಮಧ್ಯಮ ಫ್ಲೀಸ್, ಎದೆಗೆ ಒಂದು ಹೆಚ್ಚಿನ ಪದರ. ಇನ್ನೂ ತಣ್ಣಗಿದ್ದರೆ ದಪ್ಪ ಫ್ಲೀಸ್. ಒಂದೇ ದಪ್ಪ ಬಟ್ಟೆಗಿಂತ ಎರಡು ಮೂರು ತೆಳು ಪದರ ಅನುಕೂಲ, ಯಾಕೆಂದರೆ ನೀರು ನೋಡಿ ತೆಗೆಯಬಹುದು, ಸೇರಿಸಬಹುದು. ಆದರೆ ಸೂಟಿನೊಳಗೆ ಜಾಗ ಇರುವಷ್ಟೇ. ಎಲ್ಲ ಹಾಕಿಕೊಂಡು ದಡದಲ್ಲೇ ಪರೀಕ್ಷಿಸಿ. ಕುಕ್ಕರಗಾಲಲ್ಲಿ ಕೂರಿ. ಎರಡೂ ಕೈ ತಲೆಯ ಮೇಲೆತ್ತಿ. ತಲೆಯ ಹಿಂದಿನ ಸಿಲಿಂಡರ್ ವಾಲ್ವ್ ಮುಟ್ಟಲು ನೋಡಿ. ತೋಳಿನ ಮೇಲಿರುವ ಗಾಳಿ ಬಿಡುವ ವಾಲ್ವ್ ಕೈಗೆ ಸಿಗಬೇಕು. ಇದರಲ್ಲಿ ಯಾವುದೇ ಒಂದು ಆಗದಿದ್ದರೂ ಒಂದು ಪದರ ಕಡಿಮೆ ಮಾಡಿ. ತುರುಕಿದ ಬಟ್ಟೆಯಲ್ಲಿ ಗಾಳಿ ಇರುವುದಿಲ್ಲ, ಬೆಚ್ಚಗೂ ಇಡುವುದಿಲ್ಲ.

ಗರಿ ತುಂಬಿದ ಡೌನ್ ಜಾಕೆಟ್ ನನ್ನ ಹತ್ತಿರ ಇದೆ. ಅದನ್ನೇ ಹಾಕಬಹುದಾ?

ದಡದಲ್ಲಿ ಹಾಕಿಕೊಳ್ಳಿ. ನೀರಿನೊಳಗೆ ಗರಿ ಒತ್ತಡಕ್ಕೆ ಚಪ್ಪಟೆಯಾಗುತ್ತದೆ, ಸ್ವಲ್ಪ ಒದ್ದೆಯಾದರೂ ಮುದ್ದೆಯಾಗುತ್ತದೆ. ಅದರ ಗಾಳಿ ಬಿಡದ ಹೊರಬಟ್ಟೆ ವಾಲ್ವ್‌ನ ಬಾಯಿಗೆ ಅಂಟಿಕೊಂಡರೆ ಮೇಲೇರುವಾಗ ಗಾಳಿ ಹೊರಹೋಗದೆ ಅಪಾಯ. ಈ ಕೊನೆಯ ಮಾತು ಎಲ್ಲ ಬಟ್ಟೆಗೂ ಅನ್ವಯಿಸುತ್ತದೆ. ವಾಲ್ವ್ ಇರುವ ಜಾಗದಲ್ಲಿ ಗಾಳಿ ಸರಾಗವಾಗಿ ಹಾಯುವ ಬಟ್ಟೆಯೇ ಇರಬೇಕು. ಎಳೆ ಉದುರುವ ಹಳೆ ಫ್ಲೀಸ್ ಆಗಿದ್ದರೆ ವಾಲ್ವ್‌ನೊಳಗೆ ನೂಲು ಸೇರಿದೆಯಾ ಅಂತ ಆಗಾಗ ನೋಡಿ. ಒಂದು ಎಳೆ ಸಿಕ್ಕಿಕೊಂಡರೂ ವಾಲ್ವ್ ಸೋರುತ್ತದೆ.

ಮೂರು ಜೊತೆ ಸಾಕ್ಸ್ ಹಾಕಿದರೂ ಕಾಲು ಕೊರೆಯುತ್ತದೆ. ಯಾಕೆ?

ಮೂರು ಜೊತೆ ಹಾಕಿದ್ದರಿಂದಲೇ. ನಾನೂ ಇದೇ ತಪ್ಪು ಮಾಡಿದ್ದೆ. ಒಂದು ಡೈವ್ ಆದಮೇಲೆ ಸಾಕ್ಸ್ ಬಿಚ್ಚಿ ನೋಡಿದರೆ ಬೆರಳುಗಳು ಬಿಳಿಚಿಕೊಂಡಿದ್ದವು. ಹೆಣಿಗೆಯ ಗೆರೆಗಳು ಚರ್ಮದಲ್ಲಿ ಅಚ್ಚಾಗಿದ್ದವು. ಅಂದರೆ ಬೂಟಿನೊಳಗೆ ಬೆರಳು ಅಲ್ಲಾಡಿಸಲೂ ಜಾಗ ಇರಲಿಲ್ಲ. ರಕ್ತ ಓಡಾಡದಿದ್ದರೆ ಕಾಲಿಗೆ ಬಿಸಿ ಎಲ್ಲಿಂದ ಬರಬೇಕು?

ಮುಂದಿನ ಸಲ ಒಂದು ತೆಳು ಪಾಲಿಯೆಸ್ಟರ್ ಸಾಕ್ಸ್, ಅದರ ಮೇಲೆ ಸಡಿಲವಾದ ಒಂದೇ ಒಂದು ದಪ್ಪ ಉಣ್ಣೆ ಸಾಕ್ಸ್ ಹಾಕಿದೆ. ಬೂಟಿನ ತಳಕ್ಕೆ ಫೆಲ್ಟ್ ಬಟ್ಟೆಯ ಅಂಗಾಲು ಕತ್ತರಿಸಿ ಇಟ್ಟೆ. ಬೆರಳುಗಳನ್ನು ಆಗಾಗ ಮಡಚಿ ಬಿಚ್ಚುತ್ತಿದ್ದೆ. ಕಾಲು ತಣ್ಣಗಾಯಿತು, ಆದರೆ ಜೋಮು ಹಿಡಿಯಲಿಲ್ಲ.

ಇನ್ನೊಂದು ಕಾರಣವೂ ಇದೆ. ನೇರವಾಗಿ ನಿಂತಾಗ ಸೂಟಿನ ಗಾಳಿಯೆಲ್ಲ ಹೆಗಲಿಗೆ ಏರುತ್ತದೆ, ನೀರು ಕಾಲನ್ನು ಹಿಂಡುತ್ತದೆ. ಮಟ್ಟವಾಗಿ ಮಲಗಿದಂತೆ ಈಜಿದರೆ ಗಾಳಿ ಕಾಲಿನವರೆಗೂ ಹಂಚಿಕೊಳ್ಳುತ್ತದೆ. ಇದಕ್ಕೆ ಖರ್ಚಿಲ್ಲ, ಅಭ್ಯಾಸ ಬೇಕು. ಕಾಲಿಗೆ ಬೇಕಂತಲೇ ಗಾಳಿ ತುಂಬಿಸಲು ಹೋಗಬೇಡಿ. ತಲೆ ಕೆಳಗಾಗಿ ಕಾಲು ಮೇಲೆದ್ದರೆ ಗಾಳಿ ಬಿಡಲಾಗದೆ ಬೆಲೂನಿನಂತೆ ಮೇಲಕ್ಕೆ ಹಾರುತ್ತೀರಿ.

ಕೈಗೆ ಡ್ರೈ ಗ್ಲೌಸ್ (ಒಳಗೆ ನೀರು ಬಿಡದ್ದು) ಬೇಕೇ ಬೇಕಾ?

ಶುರುವಿಗೆ ಬೇಡ. 5 ಮಿಲಿಮೀಟರ್ ನಿಯೋಪ್ರೀನ್ ಗ್ಲೌಸ್ ಸಾಕು. ಇನ್ನೂ ತಣ್ಣಗಿದ್ದರೆ ಮೂರು ಬೆರಳಿನದು. ಬೆರಳುಗಳು ಒಟ್ಟಿಗಿದ್ದರೆ ಒಂದಕ್ಕೊಂದು ಬಿಸಿ ಕೊಡುತ್ತವೆ. ಬಿಗಿಯಾದ ಗ್ಲೌಸ್ ಬೇಡ, ಕಾಲಿಗೆ ಹೇಳಿದ್ದೇ ಕೈಗೂ. ಇಳಿಯುವ ಮೊದಲು ಥರ್ಮಸ್‌ನಿಂದ ಉಗುರುಬೆಚ್ಚಗಿನ ನೀರನ್ನು ಗ್ಲೌಸ್‌ಗೆ ಸುರಿದುಕೊಳ್ಳಿ. ಆಗ ತಣ್ಣೀರು ಒಳಗೆ ನುಗ್ಗಲು ಜಾಗ ಇರುವುದಿಲ್ಲ. ಮೊದಲ ಹತ್ತು ನಿಮಿಷ ಕೈ ಚುರುಕಾಗಿರುವುದು ಎಷ್ಟು ಬೆಲೆಯುಳ್ಳದ್ದು ಅಂತ ಬಕಲ್ ಹಾಕುವಾಗ ಗೊತ್ತಾಗುತ್ತದೆ.

ಮುಂದೆ ಡ್ರೈ ಗ್ಲೌಸ್ ತೆಗೆದುಕೊಂಡರೆ ಒಳಗೆ ಹಾಕಲು ತೆಳು ಉಣ್ಣೆ ಗ್ಲೌಸ್ ಬೇಕು. ಸೂಟಿನ ಗಾಳಿ ಗ್ಲೌಸ್‌ಗೂ ಹೋಗಲಿ ಅಂತ ಕೆಲವರು ಮಣಿಕಟ್ಟಿನ ಸೀಲ್ ಕೆಳಗೆ ಒಂದು ಸಣ್ಣ ಕೊಳವೆ ಅಥವಾ ಉಣ್ಣೆ ದಾರ ಇಡುತ್ತಾರೆ. ಕೆಲಸ ಮಾಡುತ್ತದೆ. ಆದರೆ ಗ್ಲೌಸ್ ಹರಿದರೆ ಅದೇ ದಾರಿಯಲ್ಲಿ ನೀರು ಸೂಟಿಗೆ ಬರುತ್ತದೆ, ಅದನ್ನು ತಿಳಿದೇ ಮಾಡಿ.

ಮೈಯ ಬಿಸಿಯಲ್ಲಿ ಅರ್ಧ ತಲೆಯಿಂದಲೇ ಹೋಗುತ್ತದಂತೆ, ನಿಜವಾ?

ನಿಜವಲ್ಲ. ತಲೆ ಮೈಯ ಮೇಲ್ಮೈಯಲ್ಲಿ ಹತ್ತರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಇಲ್ಲ. ಉಳಿದ ಮೈ ಮುಚ್ಚಿ ತಲೆ ಮಾತ್ರ ಬಯಲಿಗೆ ಬಿಟ್ಟಾಗ ಅಲ್ಲಿಂದ ಹೋಗುವ ಪಾಲು ಹೆಚ್ಚಾಗುತ್ತದೆ, ಅಷ್ಟೇ. ಆದರೂ ಒಳ್ಳೆಯ ಹುಡ್ ಬೇಕು. ಹಣೆಗೆ ತಣ್ಣೀರು ತಾಗಿ ಸಿಡಿಯುವ ನೋವು, ಒಂದು ಕಿವಿಗೆ ಮಾತ್ರ ತಣ್ಣೀರು ಹೊಕ್ಕಾಗ ಬರುವ ತಲೆಸುತ್ತು ಎರಡೂ ಡೈವ್ ಕೆಡಿಸುತ್ತವೆ. ನೀರು ಒಳಗೆ ಹರಿದಾಡದಂತೆ ಮುಖದ ಸುತ್ತ ಕೂರುವ 5 ಅಥವಾ 7 ಮಿಲಿಮೀಟರ್ ಹುಡ್ ಸಾಕು. ಹುಡ್‌ಗೆ ಸೆಕೆಂಡ್ ಹ್ಯಾಂಡ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಹಳೆಯ ನಿಯೋಪ್ರೀನ್ ಸವೆದು ತೆಳ್ಳಗಾಗಿರುತ್ತದೆ.

ಸೂಟಿಗೆ ಎಷ್ಟು ಗಾಳಿ ಬಿಡಬೇಕು?

ಹಿಂಡುವುದು ನಿಲ್ಲುವಷ್ಟು, ಅದರ ಮೇಲೆ ಚೂರು. 10 ಮೀಟರ್ ಆಳದಲ್ಲಿ ಒತ್ತಡ 2 ಬಾರ್, ಅಂದರೆ ಮೇಲಿನದರ ಎರಡು ಪಟ್ಟು. ಮೇಲಿದ್ದ ಗಾಳಿ ಅಲ್ಲಿ ಅರ್ಧಕ್ಕೆ ಇಳಿದಿರುತ್ತದೆ. ಗಾಳಿ ಸೇರಿಸದಿದ್ದರೆ ನಿಮ್ಮ ಬಟ್ಟೆ ಕಾಗದದಂತೆ ಚಪ್ಪಟೆ. ಗಾಳಿ ಉಳಿಸುವ ಆಸೆಗೆ ಅಥವಾ ತೇಲುವ ಭಯಕ್ಕೆ ಹಿಂಡಿಸಿಕೊಂಡೇ ಈಜುವವರನ್ನು ತುಂಬಾ ನೋಡಿದ್ದೇನೆ. ಅವರು ಹೊಸ ಅಂಡರ್‌ಸೂಟ್ ಬೇಕು ಅಂತಾರೆ. ಅವರಿಗೆ ಬೇಕಾಗಿರುವುದು ಇನ್‌ಫ್ಲೇಟರ್ ಬಟನ್ ಮೇಲೆ ಇನ್ನೆರಡು ಸಣ್ಣ ಒತ್ತು.

ಪದರ ಹೆಚ್ಚಿದಂತೆ ತೂಕವೂ (ಮುಳುಗಲು ಕಟ್ಟಿಕೊಳ್ಳುವ ಸೀಸ) ಬೇಕು. ಒಳಗೆ ಉಳಿಯುವ ಒಂದು ಲೀಟರ್ ಗಾಳಿಗೆ ಹೆಚ್ಚುಕಮ್ಮಿ ಒಂದು ಕಿಲೋ ಸೀಸ. ಬಟ್ಟೆ ಬದಲಿಸಿದಾಗಲೆಲ್ಲ ತೂಕ ಹೊಸದಾಗಿ ನೋಡಿ. ಸಿಲಿಂಡರ್‌ನಲ್ಲಿ 50 ಬಾರ್ ಉಳಿದಾಗ, 5 ಮೀಟರ್‌ನಲ್ಲಿ, ಬಟ್ಟೆ ಉಬ್ಬುವಷ್ಟು ಗಾಳಿ ಸೂಟಿನಲ್ಲಿ ಇಟ್ಟುಕೊಂಡೇ ಸ್ಥಿರವಾಗಿ ನಿಲ್ಲಲು ಆಗಬೇಕು.

ಸೂಟಿಗೆ ಆರ್ಗಾನ್ ಗ್ಯಾಸ್ ತುಂಬಿದರೆ ಬೆಚ್ಚಗಿರುತ್ತದಂತೆ?

ಆರ್ಗಾನ್ ಗಾಳಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಾಖ ದಾಟಿಸುತ್ತದೆ. ಆದರೆ ಅದಕ್ಕೆ ಬೇರೆ ಸಿಲಿಂಡರ್, ಬೇರೆ ರೆಗ್ಯುಲೇಟರ್ (ಸಿಲಿಂಡರ್‌ನ ಒತ್ತಡ ಇಳಿಸುವ ಸಾಧನ), ತುಂಬಿಸುವ ಖರ್ಚು ಎಲ್ಲ ಬೇಕು. ಅಷ್ಟರಲ್ಲಿ ಒಳ್ಳೆಯ ಫ್ಲೀಸ್ ಬರುತ್ತದೆ. ಜೊತೆಗೆ ಆ ಸಿಲಿಂಡರ್‌ನಿಂದ ತಪ್ಪಿ ಉಸಿರಾಡಿದರೆ ಪ್ರಾಣಕ್ಕೇ ಕುತ್ತು. ಬಜೆಟ್ ಬಿಗಿ ಇರುವವರಿಗೆ ಇದು ಬೇಡ. ಹೀಲಿಯಂ ಇರುವ ಮಿಶ್ರಣವನ್ನು ಮಾತ್ರ ಸೂಟಿಗೆ ಬಿಡಲೇಬೇಡಿ. ಹೀಲಿಯಂ ಗಾಳಿಗಿಂತ ಸುಮಾರು ಆರು ಪಟ್ಟು ಶಾಖ ದಾಟಿಸುತ್ತದೆ.

ಬಿಸಿಯಾಗುವ ಪೊಟ್ಟಣ ಒಳಗೆ ಇಟ್ಟುಕೊಂಡರೆ ಅಗ್ಗವಾಗಿ ಕೆಲಸ ಆಗುತ್ತದೆ ಅಲ್ವಾ?

ಅಗ್ಗ ಹೌದು, ಆದರೆ ನಾನು ಬೇಡ ಅನ್ನುತ್ತೇನೆ. ಆ ಪೊಟ್ಟಣದಲ್ಲಿರುವುದು ಕಬ್ಬಿಣದ ಪುಡಿ. ಆಮ್ಲಜನಕ ಸಿಕ್ಕಾಗ ತುಕ್ಕು ಹಿಡಿಯುತ್ತಾ ಬಿಸಿಯಾಗುತ್ತದೆ. ನೀರಿನ ಮೇಲೆ ಎಷ್ಟು ಬಿಸಿ ಅಂತ ನೋಡಿ ಆಳದಲ್ಲೂ ಅಷ್ಟೇ ಅಂದುಕೊಳ್ಳಬಾರದು. 30 ಮೀಟರ್‌ನಲ್ಲಿ ಒತ್ತಡ 4 ಬಾರ್, ಆಮ್ಲಜನಕದ ಒತ್ತಡವೂ ನಾಲ್ಕು ಪಟ್ಟು. ಸೂಟಿಗೆ ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಮಿಶ್ರಣ) ಬಿಡುತ್ತಿದ್ದರೆ ಇನ್ನೂ ಜಾಸ್ತಿ. ಚರ್ಮ ಸುಡತೊಡಗಿದರೂ ಸೂಟಿನೊಳಗಿಂದ ಅದನ್ನು ತೆಗೆಯಲು ಆಗುವುದಿಲ್ಲ.

ಬ್ಯಾಟರಿಯಿಂದ ಬಿಸಿಯಾಗುವ ಜಾಕೆಟ್‌ಗೆ ಬೇರೆ ಮಾತಿದೆ. ಅಮೆರಿಕದ ನೌಕಾಪಡೆಯ ಪ್ರಾಯೋಗಿಕ ಡೈವಿಂಗ್ ಘಟಕ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡೈವರ್‌ಗಳನ್ನು 36 ಮತ್ತು 27 ಡಿಗ್ರಿ ನೀರಿನಲ್ಲಿಟ್ಟು ಹೋಲಿಸಿದರು. ತಳದಲ್ಲಿ ಬೆಚ್ಚಗಿದ್ದು, ಮೇಲೆ ಬರುವಾಗ ತಣ್ಣಗಾದವರಿಗೆ ಡಿಕಂಪ್ರೆಷನ್ ಕಾಯಿಲೆಯ (ಮೇಲೇರುವಾಗ ಮೈಯಲ್ಲಿ ಕರಗಿದ ಗ್ಯಾಸ್ ಗುಳ್ಳೆಯಾಗಿ ಬರುವ ತೊಂದರೆ) ಅಪಾಯ ತುಂಬಾ ಜಾಸ್ತಿ ಕಂಡಿತು. ಜಾಕೆಟ್ ತಳದಲ್ಲಿ ಬಿಸಿ ಕೊಟ್ಟು, ಮೇಲೆ ಬರುವಾಗ ಬ್ಯಾಟರಿ ಕೈಕೊಟ್ಟರೆ ಆಗುವುದು ಇದೇ. ಹಾಗಾಗಿ ಬಿಸಿ ಜಾಕೆಟ್ ಇಲ್ಲದೆಯೂ ಮುಗಿಸಬಹುದಾದ ಡೈವ್‌ಗೆ ಮಾತ್ರ ಅದನ್ನು ಒಯ್ಯಿರಿ.

ಇಳಿಯುವ ಮೊದಲೇ ಬೆವರಿ ಹೋಗುತ್ತೇನೆ. ತಡೆಯುವುದು ಹೇಗೆ?

ಈ ಬೆವರೇ ಅರ್ಧ ಗಂಟೆ ಆದಮೇಲೆ ಚಳಿಯಾಗಿ ಬರುತ್ತದೆ. ಸಿಲಿಂಡರ್, ರೆಗ್ಯುಲೇಟರ್, ಕ್ಯಾಮೆರಾ ಎಲ್ಲ ಜೋಡಿಸಿ ಮುಗಿಸಿ, ಆಮೇಲೆ ಸೂಟು ಹಾಕಿ. ಜಿಪ್ ಕೊನೆಗೆ ಎಳೆಯಿರಿ. ಬಿಸಿಲಿದ್ದರೆ ಸೂಟಿನ ಮೇಲೆ ನೀರು ಸುರಿದುಕೊಳ್ಳಿ. ಬಡ್ಡಿ (ಜೊತೆಗೆ ಇಳಿಯುವ ಡೈವರ್) ನಿಧಾನ ಮಾಡುತ್ತಿದ್ದರೆ ಸುಮ್ನೆ ನೆರಳಲ್ಲಿ ನಿಂತಿರಿ. ಎರಡು ಡೈವ್ ಇದ್ದರೆ ಒಳಗಿನ ಥರ್ಮಲ್ ಮಾತ್ರ ಇನ್ನೊಂದು ಜೊತೆ ಒಯ್ಯಿರಿ. ಮಧ್ಯೆ ಅದನ್ನು ಬದಲಿಸಿದರೆ ಎರಡನೇ ಡೈವ್ ಮೊದಲನೆಯದರಷ್ಟೇ ಬೆಚ್ಚಗಿರುತ್ತದೆ.

ಮೂತ್ರಕ್ಕೆ ಹೆದರಿ ನೀರು ಕುಡಿಯುವುದು ನಿಲ್ಲಿಸಬೇಡಿ. ಚಳಿಗೆ ಮತ್ತು ನೀರಿನ ಒತ್ತಡಕ್ಕೆ ಮೂತ್ರ ಹೇಗಿದ್ದರೂ ಜಾಸ್ತಿ ಆಗುತ್ತದೆ. ದೊಡ್ಡವರ ಡೈಪರ್ ಅಗ್ಗ, ಅನೇಕ ಡೈವರ್‌ಗಳು ಹಾಕುತ್ತಾರೆ. ಇದರಲ್ಲಿ ನಾಚಿಕೆಯ ಮಾತೇ ಇಲ್ಲ.

ಬಟ್ಟೆ ತೊಳೆಯುವುದರಲ್ಲಿ ಏನಾದರೂ ವಿಶೇಷ ಇದೆಯಾ?

ಬಟ್ಟೆ ಮೃದು ಮಾಡುವ ಕಂಡಿಷನರ್ ಹಾಕಬೇಡಿ. ಅದು ನೂಲಿನ ಮೇಲೆ ಪದರವಾಗಿ ಕೂತು ಬೆವರು ಹಾಯುವುದನ್ನು ಕೆಡಿಸುತ್ತದೆ. ಬೆವರಿನ ಮತ್ತು ಸಮುದ್ರದ ಉಪ್ಪು ಬಟ್ಟೆಯಲ್ಲಿ ಉಳಿದರೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಚೆನ್ನಾಗಿ ಜಾಲಿಸಿ. ಇಸ್ತ್ರಿ ಬೇಡ.

ಬೇರೆಯವರು ಬಳಸಿದ ಅಂಡರ್‌ಸೂಟ್ ಕೊಳ್ಳಬಹುದಾ?

ಖಂಡಿತ. ಬೆಳಕಿಗೆ ಹಿಡಿದು ಮಂಡಿ, ಹಿಂಭಾಗ, ಮೊಣಕೈ ನೋಡಿ. ಆ ಜಾಗದಲ್ಲಿ ತುಂಬಿದ ವಸ್ತು ತೆಳ್ಳಗಾಗಿರುತ್ತದೆ. ಥಿನ್ಸುಲೇಟ್ ತುಂಬಿದ್ದು ಸಿಕ್ಕರೆ ಪುಣ್ಯ. ಅದರ ಸಣ್ಣ ಎಳೆಗಳು ನೀರು ಹೀರುವುದಿಲ್ಲ, ಸ್ವಲ್ಪ ಒದ್ದೆಯಾದರೂ ಬೆಚ್ಚಗಿಡುತ್ತದೆ. ಅಳತೆ ನಿಮ್ಮದಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಬಿಡಿ.

ನಡುಕ ಶುರುವಾಗಿದೆ, ಗಾಳಿ ಇನ್ನೂ ಇದೆ. ಹತ್ತು ನಿಮಿಷ ಇರಬಹುದಾ?

ಬೇಡ. ಬಡ್ಡಿಗೆ ಸಿಗ್ನಲ್ ಕೊಟ್ಟು ಮೇಲೆ ಬನ್ನಿ. ನಡುಕ ಅಂದರೆ ದೇಹ ಬಿಸಿ ಕಳೆದುಕೊಳ್ಳುವ ವೇಗಕ್ಕೆ ಹೊಂದಿಕೊಳ್ಳಲು ಆಗುತ್ತಿಲ್ಲ ಅಂತ. ಗಾಳಿ ಬೇಗ ಖರ್ಚಾಗುತ್ತದೆ, ಬೆರಳು ಹೇಳಿದ ಮಾತು ಕೇಳುವುದಿಲ್ಲ, ತಲೆಯೂ ಮಂಕಾಗುತ್ತದೆ. ಇನ್ನೂ ಸೇಫ್ಟಿ ಸ್ಟಾಪ್ (ಮೇಲೇರುವ ದಾರಿಯಲ್ಲಿ ಕೆಲವು ನಿಮಿಷ ನಿಲ್ಲುವುದು) ಬಾಕಿ ಇದೆ ಅನ್ನುವುದು ನೆನಪಿರಲಿ. ಅಲ್ಲಿ ಅಲುಗಾಡದೆ ನಿಂತಾಗಲೇ ಚಳಿ ಜಾಸ್ತಿ. ದೇಹದೊಳಗಿನ ಬಿಸಿ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ. ನಡುಗುತ್ತಿದ್ದವರ ನಡುಕ ಬಿಸಿಯಾಗದೆಯೇ ನಿಂತುಹೋದರೆ, ಮಾತು ತೊದಲಿದರೆ ತಕ್ಷಣ ವೈದ್ಯರ ಸಹಾಯ ಬೇಕು.

ಮೇಲೆ ಬಂದಮೇಲೆ ಗಾಳಿ ಬೀಸದ ಕಡೆ ಹೋಗಿ ಒದ್ದೆ ಬಟ್ಟೆ ಬಿಚ್ಚಿ, ಒಣ ಬಟ್ಟೆ ಹಾಕಿ, ಬೆಚ್ಚಗಿನ ಸಿಹಿ ಪಾನೀಯ ಕುಡಿಯಿರಿ. ಮದ್ಯ ಬೇಡ, ಅದು ಚರ್ಮಕ್ಕೆ ರಕ್ತ ನುಗ್ಗಿಸಿ ಇರುವ ಬಿಸಿಯನ್ನೂ ಕಳೆಯುತ್ತದೆ. ಸುಡುಸುಡು ನೀರಿನ ಸ್ನಾನಕ್ಕೂ ಅವಸರ ಮಾಡಬೇಡಿ. ಮೈ ಒಮ್ಮೆಲೇ ಬಿಸಿಯಾದರೆ ಕರಗಿದ ಗ್ಯಾಸ್ ಗುಳ್ಳೆಯಾಗುವ ಸಾಧ್ಯತೆ ಹೆಚ್ಚುತ್ತದೆ, ತಲೆ ತಿರುಗಿ ಬೀಳುವುದೂ ಉಂಟು. ಒಣ ಟೋಪಿ ಮತ್ತು ಒಣ ಸಾಕ್ಸ್ ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡಿರಿ. ಸೆಟೆದ ಬೆರಳಲ್ಲಿ ಚೀಲದ ತಳ ತಡಕಾಡಲು ಆಗುವುದಿಲ್ಲ.